ಮಿರ್ಚಿಯೊಳಗಿನ ತರಕಾರಿ

ಲಂಡನ್ನಿನ ವೆಂಬ್ಲಿ, ೨೦೦೩. ನಾನು ಇಳಿದುಕೊಂಡಿರುವ ಮನೆಯ ಶಂಕ್ರಪ್ಪ ಮಾಮಾಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಇಲ್ಲಿನ ಜಿಪಿ ಡಾಕ್ಟರು ಹೇಳಿಬಿಟ್ಟಿದ್ದಾರೆ. ಸೂಜಿ ಎಂದರೆ ಮಾಮಾ ನಡುಗುತ್ತಾರೆ. ಇವತ್ತು ದುಭಾಷಿಯಾಗಿ ನಾನೂ ಕ್ಲಿನಿಕ್ಕಿಗೆ ಹೋದೆ.

"ಮಾಂಸ ಬಿಟ್ಟು ಸಸ್ಯಾಹಾರಿಯಾಗಿ, ಸೊಪ್ಪು ಕಾಳು ತಿಂದರೆ ಸಕ್ಕರೆ ಹತೋಟಿಗೆ ಬರುತ್ತೆ" ಎಂದಳು ನರ್ಸ್. ಮಾಮಾ ಎದೆಯುಬ್ಬಿಸಿದರು.

"ಏಳು ತಲಿಮಾರಿನಿಂದ ನಾವು ತತ್ತೀನೂ ಮುಟ್ಟಿಲ್ಲ ಅಂತ ಹೇಳಪಾ ಆಕೀಗೆ!"

ಹೇಳಿದೆ. "ಹಾಗಾದರೆ ನಿನ್ನೆ ಏನು ತಿಂದಿರಿ?" ಎಂದು ಕೇಳಿದಳು. ಮಾಮಾ ಬೆರಳು ಮಡಿಚಿದರು: ಶೇಂಗಾ ಹೋಳಿಗೆ, ಮೇಲೆ ತುಪ್ಪ, ಕರದಂಟು, ಮಿರ್ಚಿ ಭಜಿ. ಒಂದೊಂದನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಆಕೆ ಪೆನ್ನು ಕೆಳಗಿಟ್ಟು, "ಇದರಲ್ಲಿ ತರಕಾರಿ ಎಲ್ಲಿದೆ?" ಎಂದಳು.

"ಯಾಕ, ಮಿರ್ಚಿ ಒಳಗ ಮೆಣಸಿನಕಾಯಿ ಐತಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಮಾಮಾ ನಗಲಿಲ್ಲ. ಮೇಜಿನ ಮೇಲಿದ್ದ ಸೂಜಿಯನ್ನೇ ನೋಡುತ್ತಿದ್ದರು.

ವಾಪಸ್ ಬರುವಾಗ ಈಲಿಂಗ್ ರೋಡಿನ ಮಿಠಾಯಿ ಅಂಗಡಿಯ ಮುಂದೆ ರೂಢಿಯಂತೆ ಅವರ ಕಾಲು ನಿಂತಿತು. ಜಿಲೇಬಿಯನ್ನು ಕಣ್ತುಂಬ ನೋಡಿದರು. ಆಮೇಲೆ ಪಕ್ಕದ ಅಂಗಡಿಗೆ ಹೋಗಿ ಎರಡು ಸಿವುಡು ಮೆಂತ್ಯ ಸೊಪ್ಪು ಹಿಡಿದುಕೊಂಡು ಬಂದರು.

"ನಿಮ್ಮತ್ತೀಗೆ ನೀನ ಹೇಳಪಾ, ನಾ ಇವತ್ತಿಂದ ಸಸ್ಯಾಹಾರಿ ಆದೆ ಅಂತ."