ಅವ್ವನ ಮಡಿಗೆ ಬಂದ ಹುಳು

ವೀಳ್ಯದ ಎಲೆಬಳ್ಳಿಯನ್ನು ವರ್ಷಕ್ಕೊಮ್ಮೆ ಇಳಿಸಬೇಕು. ಆಸರೆಯ ಅಗಸೆ ಗಿಡದ ತುದಿ ಮುಟ್ಟಿದ ಬಳ್ಳಿಯ ಕಟ್ಟು ಬಿಚ್ಚಿ, ಮೆಲ್ಲಗೆ ಕೆಳಗೆ ತಂದು, ಬುಡದಲ್ಲಿ ಸುರುಳಿ ಸುತ್ತಿ, ಮೇಲೆ ಹೊಸ ಮಣ್ಣು ಹಾಕಿ, ತುದಿಯೊಂದನ್ನೇ ಮತ್ತೆ ಗಿಡಕ್ಕೆ ಕಟ್ಟಬೇಕು. ಕಂಪ್ಲಿಯಲ್ಲಿ ಕಾಲುವೆಯ ನೀರು ಕುಡಿಯುವ ತೋಟಗಳಲ್ಲೆಲ್ಲ ಹೀಗೇ. ನಮ್ಮ ತೋಟದಲ್ಲಿ ಬದು ಹಾಕಿ ಮಾಡಿದ ಐದು ಮಡಿಗಳಿದ್ದವು. ಕಾಲುವೆಗೆ ಹತ್ತಿರದ ಮೊದಲನೆಯ ಮಡಿ ಅವ್ವ ತನ್ನ ಕೈಯಿಂದ ನೆಟ್ಟು ಹಚ್ಚಿದ್ದು. ಅವಳು ತೀರಿಕೊಂಡ ಮೇಲೆ ಆ ಮಡಿಯ ಬಳ್ಳಿಯನ್ನು ಕೂಲಿಯವರ ಕೈಗೆ ಕೊಡಬಾರದು, ಮಗಳೇ ಬಂದು ಇಳಿಸಬೇಕು ಎಂದು ಅಣ್ಣ ಹೇಳಿದ. ಹಾಗಾಗಿ ವರ್ಷಕ್ಕೊಮ್ಮೆ ಸಂಡೂರಿನ ನಮ್ಮ ಮನೆಯ ಮುಂದೆ ಅಣ್ಣನ ಗಾಡಿ ಬಂದು ನಿಲ್ಲುತ್ತಿತ್ತು. ಹಬ್ಬಕ್ಕೆ ಕರೆಯುವುದು ಅವನಿಗೆ ಮರೆಯುತ್ತಿತ್ತು. ಬಳ್ಳಿ ಇಳಿಸಲು ಕರೆಯುವುದು ಮಾತ್ರ ಮರೆಯುತ್ತಿರಲಿಲ್ಲ.

ಆ ಗಾಡಿಗಾಗಿ ನಾನು ಹನ್ನೊಂದು ತಿಂಗಳು ಕಾಯುತ್ತಿದ್ದೆ ಎಂದರೆ ಈಗಿನವರು ನಗಬಹುದು. ನನ್ನ ಯಜಮಾನರು ಅದಿರಿನ ಗುಡ್ಡದ ಮೇಲೆ ಗುಮಾಸ್ತರು. ಸೋಮವಾರ ಹತ್ತಿದರೆ ಶನಿವಾರ ಇಳಿಯುವವರು. ನಮಗೆ ಮಕ್ಕಳಾಗಲಿಲ್ಲ. ಒಬ್ಬಳಿಗಾಗಿ ಅಡುಗೆ ಮಾಡುವುದಕ್ಕೆ ಬೇಸರವಾಗಿ ಬೆಳಿಗ್ಗೆ ತಟ್ಟಿದ ರೊಟ್ಟಿಯನ್ನೇ ಸಂಜೆಗೂ ತಿನ್ನುತ್ತಿದ್ದೆ. ಕೆಲವು ದಿನ ಮಧ್ಯಾಹ್ನದವರೆಗೂ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ತವರಿನ ಒಂದು ಎಲೆಬಳ್ಳಿಯನ್ನು ಹಚ್ಚಿಕೊಂಡಿದ್ದೆ. ಸಂಡೂರಿನ ಹರಳುಹರಳಾದ ಕೆಂಪು ಗರಸು ನೆಲ ಅದಕ್ಕೆ ಹಿಡಿಸುವುದಿಲ್ಲವೆಂದು ಪ್ರತಿಸಲ ಕಂಪ್ಲಿಯಿಂದ ಮರಳುವಾಗ ಒಂದು ಪುಟ್ಟಿ ತೋಟದ ಮಣ್ಣು ತಂದು ಅದರ ಬುಡಕ್ಕೆ ಹಾಕುತ್ತಿದ್ದೆ.

ಒಂದು ವರ್ಷ ಅಣ್ಣ ಘಟ್ಟದ ಕೆಳಗಿನಿಂದ ಯಾವುದೋ ಹೊಸ ಜಾತಿಯ ಬಾಳೆಯ ಕಂದುಗಳನ್ನು ಬುಡದ ಮಣ್ಣಿನ ಸಮೇತ ತರಿಸಿ ಕಾಲುವೆಯ ದಂಡೆಯಲ್ಲಿ ನೆಟ್ಟ. ಮರುವರ್ಷ ನಾನು ಹೋದಾಗ ಆ ಬಾಳೆಯ ಬುಡ ಅಗೆದು ತೋರಿಸಿದ. ಹಿಡಿ ಮಣ್ಣಿಗೆ ನಾಲ್ಕೈದು ಎರೆಹುಳು. ನಮ್ಮ ಕಡೆಯವು ಸಣ್ಣವು, ಕೆಂಪಗಿನವು. ಇವು ಬಿಳಿಚಿಕೊಂಡಿದ್ದವು, ಬಾಲದ ತುದಿ ಊದಿ ಹಳದಿಯಾಗಿತ್ತು.

"ನೋಡಲೇ ತಂಗಿ, ಮಣ್ಣಿನ್ಯಾಗ ಜೀವ ತುಂಬೈತಿ! ಇಂಥಾ ಮಣ್ಣು ಇಡೀ ಕಂಪ್ಲ್ಯಾಗ ಯಾರ ಹತ್ರ ಐತಿ?" ಎಂದ.

ಹುಳು ಇದ್ದ ಮಣ್ಣು ಒಳ್ಳೆಯ ಮಣ್ಣು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆ ವರ್ಷ ಅವ್ವನ ಬಳ್ಳಿಗೆ ಹಾಕಲು ಬೇರೆ ಮಣ್ಣು ಹುಡುಕಲಿಲ್ಲ. ಬಾಳೆಯ ಬುಡದ ಮಣ್ಣನ್ನೇ ಹೊತ್ತು ತಂದೆವು. ಅವ್ವನ ಮಡಿಗೆ ಮಾತ್ರ; ಉಳಿದವಕ್ಕೆ ಎಂದಿನ ಮಣ್ಣು. ನನ್ನ ಪುಟ್ಟಿಯನ್ನೂ ಅಣ್ಣ ಅದರಿಂದಲೇ ತುಂಬಿಸಿದ.

ಮಳೆಗಾಲ ಕಳೆಯುವಷ್ಟರಲ್ಲಿ ಸಂಡೂರಿನ ನನ್ನ ಬಳ್ಳಿ ಹಳದಿಗೆ ತಿರುಗಿತು. ಬುಡದ ಮಣ್ಣು ಒದ್ದೆಯಿದ್ದಾಗ ಅಂಟಂಟು ಅರಲು, ಒಣಗಿದರೆ ಇಟ್ಟಿಗೆ. ಹಾಕಿದ ನೀರು ಇಂಗದೆ ಮೇಲೆಯೇ ನಿಲ್ಲುತ್ತಿತ್ತು. ಖುರುಪಿಯಿಂದ ಕೆದಕಿದೆ. ಹಳದಿ ಬಾಲದವೇ ಎಲ್ಲ; ನಮ್ಮ ಸಣ್ಣ ಕೆಂಪು ಹುಳು ಒಂದೂ ಇಲ್ಲ. ಅವು ನುಂಗಿ ಹೊರಹಾಕಿದ ಮಣ್ಣು ಉಂಡೆಯುಂಡೆಯಾಗಿ ಬೇರಿನ ಸುತ್ತ ಗಾರೆಯಂತೆ ಕೂತಿತ್ತು.

ಮಾಡಲು ಬೇರೆ ಕೆಲಸವಿರಲಿಲ್ಲ. ದಿನಾ ಬೆಳಿಗ್ಗೆ ಹಿತ್ತಿಲನ್ನು ಗೇಣುಗೇಣು ಕೆದಕಿ ನೋಡತೊಡಗಿದೆ. ಬಚ್ಚಲ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಹುಳು. ಅದರಾಚೆ ಕೆಂಪು ಗರಸಿನಲ್ಲಿ ಒಂದೂ ಇಲ್ಲ. ಬಳ್ಳಿ ಹೇಗೂ ಉಳಿಯುವಂತಿರಲಿಲ್ಲ, ನೀರನ್ನು ಬೇಲಿಯ ಕಡೆಗೆ ತಿರುಗಿಸಿದೆ. ಒಂದೆರಡು ತಿಂಗಳಲ್ಲಿ ಅವು ಬೇಲಿಯ ಕಡೆಗೆ ಬಂದವು. ಬಿಟ್ಟು ಬಂದ ಜಾಗ ಒಣಗಿತು, ಅಲ್ಲಿದ್ದವು ಸುರುಟಿ ಸತ್ತವು.

ಪಕ್ಕದ ಮನೆಯ ಮುದುಕಿ ಗೋಡೆಯ ಮೇಲಿಂದ ನೋಡುತ್ತಿದ್ದಳು. "ಏನವ್ವಾ, ಗಂಡ ಗುಡ್ಡ ಅಗಿಸ್ತಾನ, ನೀ ಹಿತ್ತಲ ಅಗಿತೀ. ನಿಮ್ಮ ಮನಿಯಾಗ ಅದಿರು ಸಿಕ್ಕೈತೇನು?"

"ಹುಳ ನೋಡಾಕತ್ತೀನಿ ಅಜ್ಜಿ. ಈ ಗರಸಿಗೆ ದಾಟವಲ್ಲವು."

"ಈ ಮಣ್ಣಾಗ ನಾನ ಅರವತ್ತು ವರ್ಷದಿಂದ ಹ್ಯಾಂಗ ಅದೀನೋ ನನಗ ಗೊತ್ತು. ಪರಊರಿನ ಹುಳಕ್ಕ ಏನು ಹಣೆಬರಹ, ಇಲ್ಲಿಗೆ ಬರಾಕ!"

ಬಳ್ಳಿ ಇಳಿಸುವ ಕಾಲಕ್ಕೆ ಮತ್ತೆ ಗಾಡಿ ಬಂತು. ಹೊಸಪೇಟೆ ದಾಟಿ, ಹಂಪಿಯ ಹಾಳು ಗೋಡೆಗಳ ಪಕ್ಕದಲ್ಲಿ ಹೋಗುವಾಗಲೆಲ್ಲ ನನ್ನ ತಲೆಯಲ್ಲಿ ಅವ್ವನ ಮಡಿಯೇ. ನಾನು ಅಂಜಿದ್ದಂತೆಯೇ ಆಗಿತ್ತು. ಮೊದಲ ಮಡಿಯ ಎಲೆ ಅರಿಸಿನ ಬಳಿದಂತಿತ್ತು. ಎರಡನೆಯದರಲ್ಲಿ ನೀರು ಬರುವ ಬಾಯಿಯ ಹತ್ತಿರದ ನಾಲ್ಕು ಸಾಲು ಬಾಡಿದ್ದವು.

"ಯಾರದೋ ಕಣ್ಣು ತಾಗೈತಿ. ಇಲ್ಲಾ ನೀರು ಕೆಟ್ಟೈತಿ" ಎಂದ ಅಣ್ಣ. ಹಾಳಾಗುತ್ತಿದೆಯೆಂದು ಬಾಳೆಯ ಮಣ್ಣನ್ನು ಇನ್ನಷ್ಟು ತಂದು ಅವ್ವನ ಮಡಿಗೇ ಸುರಿಸಿದ್ದ.

ನಾನು ಖುರುಪಿ ಹಿಡಿದೆ. ಎರಡು ದಿನ ಅಗೆದೆ. ಅವ್ವನ ಮಡಿಯಲ್ಲಿ ಹಳದಿ ಬಾಲ ತುಂಬಿತ್ತು. ಎರಡನೆಯದಕ್ಕೆ ನೀರಿನ ಸಣ್ಣ ಕಾಲುವೆಯ ಒದ್ದೆ ಗೋಡುಮಣ್ಣಿನಲ್ಲೇ ಹಾದು ಹೋಗಿದ್ದವು. ಮಡಿಗಳ ನಡುವಿನ ಗರಸಿನ ಬದುವಿನಲ್ಲಿ ಇರಲಿಲ್ಲ. ತೋಟದ ಹಿಂದಿನ ಜೋಳದ ಕರಿಹೊಲ ಬಿಸಿಲಿಗೆ ಬಿರುಕುಬಿಟ್ಟಿತ್ತು, ಅಲ್ಲಿಯೂ ಇರಲಿಲ್ಲ. ಮೂರನೆಯ ಮಡಿಗೆ ಇನ್ನೂ ಬಂದಿರಲಿಲ್ಲ.

ಅಣ್ಣನಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹುಳು ಒಣಗಿ ಸಾಯುವಂತೆ ಅವ್ವನ ಮಡಿಗೆ ನೀರು ನಿಲ್ಲಿಸಬೇಕು, ಎರಡನೆಯದಕ್ಕೂ. ಒಣ ಬದುವಿನ ಮೇಲೆ ಹೊಸ ಕಾಲುವೆ ತೋಡಿ ಮೂರನೆಯದಕ್ಕೆ ನೀರು ಒಯ್ಯಬೇಕು. ಎಲೆಬಳ್ಳಿ ನೀರಿಲ್ಲದೆ ಎರಡು ವಾರ ತಾಳದು. ಅವ್ವನ ಮಡಿ ಹೋದರೆ ನನ್ನನ್ನು ಕರೆಯಲು ಗಾಡಿ ಬರುವ ಕಾರಣವೂ ಹೋಗುತ್ತದೆ. ಮೂರನೆಯ ದಿನವಿಡೀ ಬಳ್ಳಿ ಇಳಿಸಿದೆ. ಹಳದಿ ಎಲೆ ಮುಟ್ಟಿದರೆ ಕೈಗೇ ಬರುತ್ತಿತ್ತು. ಸಂಜೆ ಮೂರನೆಯ ಮಡಿಯಲ್ಲಿ ನಿಂತು ನೋಡಿದೆ, ಎಲೆ ಹಸಿರಾಗಿ ಅಂಗೈ ಅಗಲವಿತ್ತು. ಮರುದಿನ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

"ಎರೆಹುಳಾ ತೋಟ ಕೆಡಸ್ತಾವ? ಸಂಡೂರಾಗ ಒಬ್ಬಾಕೀನ ಕುಂತು ಕುಂತು ನಿನ್ನ ತಲಿ ಕೆಟ್ಟೈತಿ ನೋಡು" ಎಂದ.

"ಕೆಟ್ಟಿದ್ರ ಕೆಡಲಿ. ನೀನ ಬಂದು ಅಗದು ನೋಡು ಅಣ್ಣ. ನಮ್ಮ ಹುಳ ಒಂದು ತೋರಿಸು, ನಾ ಬಾಯಿ ಮುಚ್ಚತೀನಿ."

ಅವನು ಅಗೆದ. ಅವ್ವನ ಮಡಿಯ ಈ ತುದಿಯಿಂದ ಆ ತುದಿಯವರೆಗೆ ಹೋದ. ಬೆವರು ಒರೆಸಿಕೊಂಡು ಬುಡದ ಉಂಡೆಮಣ್ಣನ್ನು ಕೈಯಲ್ಲಿ ಒಡೆಯಲು ನೋಡಿದ, ಒಡೆಯಲಿಲ್ಲ.

"ಇದು ಅವ್ವ ಹಚ್ಚಿದ್ದಲೇ" ಎಂದ.

"ಹೌದಣ್ಣ."

"ನನ್ನ ಕೈಲೆ ಆಗಂಗಿಲ್ಲ. ನೀನ ಮುಚ್ಚು."

ನೀರಿನ ಬಾಯಿಗೆ ಕಲ್ಲಿಟ್ಟು, ಗರಸು ತುಂಬಿ, ಕಾಲಿನಿಂದ ತುಳಿದು ಮುಚ್ಚಿದೆ. ಅಣ್ಣ ಆಚೆ ಮುಖ ಮಾಡಿಕೊಂಡು ಬದುವಿನ ಮೇಲೆ ಹೊಸ ಕಾಲುವೆ ತೋಡುತ್ತಿದ್ದ. ಬಾಳೆಯನ್ನೂ ಅವನೇ ಕಡಿದ. ಹದಿನೆಂಟು ದಿನ ನಾನಲ್ಲಿದ್ದೆ. ಅಗಸೆ ಗಿಡಗಳು ಹಸಿರಾಗಿಯೇ ನಿಂತಿದ್ದವು, ಅವುಗಳ ಮೈಮೇಲೆ ಬಳ್ಳಿ ಮಾತ್ರ ಕಂದಿ ಹಗ್ಗದಂತಾಯಿತು. ಆ ಸಲ ಹೊರಡುವಾಗ ಪುಟ್ಟಿ ಖಾಲಿಯಿತ್ತು.

ಮುಂದಿನ ವರ್ಷ ಬಳ್ಳಿ ಇಳಿಸುವ ಹೊತ್ತಿಗೆ ಗಾಡಿ ಬರಲಿಲ್ಲ, ಒಂದು ಕಾರ್ಡು ಬಂತು. ಮೂರನೆಯ ಮಡಿಗೆ ಹುಳು ದಾಟಿಲ್ಲ, ಎಲೆ ಚೆನ್ನಾಗಿ ಬಂದಿದೆ, ಮೊದಲ ಎರಡು ಮಡಿಗಳಲ್ಲಿ ನೀರು ಹಾಯಿಸಬೇಕಿಲ್ಲದ ಸಜ್ಜೆ ಹಾಕಿದ್ದೇನೆ. ಉಳಿದದ್ದನ್ನು ಕೂಲಿಯವರೇ ಇಳಿಸಿದರು, ನೀನು ಅಷ್ಟು ದೂರ ಬಂದು ತ್ರಾಸು ಪಡುವುದು ಬೇಡ, ಎಂದು ಬರೆದಿದ್ದ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾರ್ಡನ್ನು ಎರಡು ಸಲ ಓದಿದೆ. ಗೋಡೆಯಾಚೆಯಿಂದ ಮುದುಕಿ, "ಯಾಕವ್ವಾ, ಈ ಸಲ ಇನ್ನೂ ಗಾಡಿ ಬಂದಿಲ್ಲಲ್ಲ?" ಎಂದಳು.

"ತೋಟ ಉಳೀತಂತ ಅಜ್ಜಿ" ಎಂದೆ.

"ಅದಕ್ಕ ಯಾಕ ಮಾರಿ ಸಣ್ಣ ಮಾಡ್ತಿ?" ಎಂದಳು. ಅವತ್ತು ಮಂಗಳವಾರ. ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಒಳಗೆ ಹೋಗಿ ಒಂದೇ ರೊಟ್ಟಿಗಾಗುವಷ್ಟು ಹಿಟ್ಟು ತೆಗೆದುಕೊಂಡೆ.