ಬಿರ್ಕ್‌ಡಾರ್ಫಿನ ಆರ್ಗನ್ನಿಗೆ ಗಾಳಿ ತುಳಿಯುವ ತೋಡೆರ್

ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿರ್ಕ್‌ಡಾರ್ಫಿನ ಲೂಥರನ್ ಚರ್ಚಿನ ಮರದ ಮೆಟ್ಟಿಲುಗಳನ್ನು ತೋಡೆರ್ ಏದುಸಿರು ಬಿಡುತ್ತ ಹತ್ತುತ್ತಿದ್ದಾರೆ. ಬೆನ್ನ ಮೇಲೆ ಅರ್ಧ ಚೀಲ ಮೆಕ್ಕೆಜೋಳ. ಗಿರಣಿ ಇರುವುದು ಹೊಳೆಯಾಚೆ. ಚರ್ಚಿಗೆ ಜೋಳ ಹೊರುವವರನ್ನು ಈ ಊರು ಹಿಂದೆ ಕಂಡಿರಲಿಲ್ಲ.

ಚರ್ಚಿನ ಕೊಳವೆವಾದ್ಯ ಆರ್ಗನ್ನಿನ ಬೆನ್ನಿಗೆ ಒಂದು ಕತ್ತಲ ಕೋಣೆ. ಅಲ್ಲಿ ಮಂಚದಗಲದ ಮೂರು ತೊಗಲಿನ ತಿದಿಗಳು, ಒಂದೊಂದಕ್ಕೆ ಒಂದೊಂದು ತೊಲೆ. ಮುಂದೆ ಕುಳಿತು ನುಡಿಸುವ ಹರ್ಮಿನೆ ಟೀಚರ್ ಗುಬುಟು ಎಳೆದರೆ ಇಲ್ಲಿ ಪುಟ್ಟ ಗಂಟೆ ಅಲುಗುತ್ತದೆ. ತೋಡೆರ್ ತೊಲೆಯ ತುದಿ ಹತ್ತಿ ನಿಲ್ಲುತ್ತಾರೆ. ಅವರ ಭಾರಕ್ಕೆ ತೊಲೆ ಕೆಳಗಿಳಿದು, ತಿದಿ ಮೇಲೆದ್ದು ಗಾಳಿ ತುಂಬಿಕೊಳ್ಳಬೇಕು. ತಿದಿಯ ಮೇಲೆ ಹೇರಿದ ಕಲ್ಲುಗಳು ಆ ಗಾಳಿಯನ್ನು ಕೊಳವೆಗಳಿಗೆ ದೂಡಿ ಮುಗಿಸುವಷ್ಟರಲ್ಲಿ ಇವರು ಪಕ್ಕದ ತೊಲೆ ಹತ್ತಿರಬೇಕು. ಹಾಡು ಮುಗಿಯುವವರೆಗೂ ಇದೇ ನಡಿಗೆ. ಕೆಳಗೆ ಕುಳಿತವರಿಗೆ ಇವರು ಕಾಣುವುದಿಲ್ಲ.

ಹೊಟ್ಟೆಯ ಆಪರೇಷನ್ ಆದಮೇಲೆ ತೋಡೆರ್ ತೀರಾ ಇಳಿದುಹೋಗಿದ್ದಾರೆ. ಕೋಟು ಗೂಟಕ್ಕೆ ನೇತುಹಾಕಿದಂತೆ ಮೈಮೇಲೆ ಜೋತಾಡುತ್ತದೆ.

"ತೊಲೆ ನನ್ನ ಮಾತು ಕೇಳ್ತಿಲ್ಲ. ಹತ್ತಿ ನಿಂತ್ರೆ ಗುಬ್ಬಿ ಕೂತ ಹಾಗೆ, ಅಲ್ಲಾಡೋದೇ ಇಲ್ಲ. ಅದಕ್ಕೆ ಚೀಲ ಹೊತ್ಕೊಂಡೇ ತುಳೀತೀನಿ. ಡಾಕ್ಟರಿಗೆ ಹೇಳ್ಬೇಡಿ, ಭಾರ ಎತ್ಬಾರ್ದು ಅಂದಿದಾರೆ."

ಈ ತಿಣುಕಾಟವೂ ಇನ್ನು ಹೆಚ್ಚು ದಿನವಿಲ್ಲ. ಈಸ್ಟರ್ ಕಳೆದೊಡನೆ ಆರ್ಗನ್ನನ್ನು ನಗರಕ್ಕೆ ಒಯ್ಯುತ್ತಾರೆ. ಅದಕ್ಕೆ ಯಾರು ಕಾರಣ ಎಂದರೆ ತೋಡೆರ್ ತಮ್ಮತ್ತಲೇ ಬೊಟ್ಟು ಮಾಡಿಕೊಳ್ಳುತ್ತಾರೆ.

ಅವರು ಈ ಚರ್ಚಿನವರೇ ಅಲ್ಲ. ಟ್ರಾನ್ಸಿಲ್ವೇನಿಯಾದ ಈ ಊರು ಜರ್ಮನ್ ಮಾತಾಡುವ ಸ್ಯಾಕ್ಸನ್ನರದು. ತೋಡೆರ್ ರುಮೇನಿಯನ್, ಹೊಳೆಯಾಚೆಯ ಆರ್ಥೊಡಾಕ್ಸ್ ಚರ್ಚಿನವರು. ಅಲ್ಲಿ ವಾದ್ಯಕ್ಕೆ ಜಾಗವೇ ಇಲ್ಲ. ಹಳೆಯ ಕಮ್ಯುನಿಸ್ಟ್ ಸರ್ಕಾರ ಉರುಳಿ ಗಡಿ ತೆರೆದಾಗ ಸ್ಯಾಕ್ಸನ್ನರು ಗಂಟುಮೂಟೆ ಕಟ್ಟಿ ಜರ್ಮನಿಗೆ ಹೊರಟುಬಿಟ್ಟರು. ಆವರೆಗೆ ತಿದಿ ತುಳಿಯುತ್ತಿದ್ದ ಮಿಶ್, ತನ್ನ ಹಸುವನ್ನು ತೋಡೆರ್ ಕೊಟ್ಟಿಗೆಗೆ ಹೊಡೆದುಕೊಂಡು ಬಂದ.

"'ದುಡ್ಡು ಬೇಡ ಮಾರಾಯ, ಭಾನುವಾರ ನನ್ನ ಬದಲು ತುಳಿ' ಅಂದ. ಆ ಹಸು ಸತ್ತು ಎಷ್ಟೋ ಕಾಲ ಆಯ್ತು. ಅದು ಸತ್ತ ದಿನ ನನ್ನ ಹೆಂಡ್ತಿ, 'ಇನ್ನು ಬಿಟ್ಬಿಡಿ' ಅಂದ್ಲು. ಹಸು ಸತ್ರೆ ಕೊಟ್ಟ ಮಾತೂ ಸಾಯುತ್ತಾ? ನಮ್ಮ ಪಾದ್ರಿಗಳು ಈಗ್ಲೂ ರೇಗಿಸ್ತಾರೆ. 'ಏನಯ್ಯಾ, ಇದ್ದ ಗಾಳಿನೆಲ್ಲ ಆ ಕಡೆಯವ್ರಿಗೆ ಕೊಟ್ಟು ಬಂದ್ಯಾ?' ಅಂತ."

ಊರಲ್ಲೇ ಉಳಿದ ಕೆಲವೇ ಸ್ಯಾಕ್ಸನ್ನರಲ್ಲಿ ಹರ್ಮಿನೆ ಟೀಚರ್ ಒಬ್ಬರು. ತೋಡೆರ್‌ಗೆ ಅಕ್ಷರ ಕಲಿಸಿದವರೂ ಅವರೇ. "ಕ್ಲಾಸಲ್ಲಿ ಇವನನ್ನ ಒಂದು ಕಡೆ ಕೂರ್ಸೋಕೆ ಆಗ್ತಿರ್ಲಿಲ್ಲ. ಅದಕ್ಕೇ ದೇವರು ಈ ಕೆಲಸಕ್ಕೆ ಹಚ್ಚಿದ," ಎನ್ನುತ್ತಾರೆ.

ಹೋದ ಶರತ್ಕಾಲದಲ್ಲಿ ನಗರದ ಚರ್ಚಿನವರು ಆರ್ಗನ್ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಇಬ್ಬರಿಗೂ ಒಂದೇ ದಿಗಿಲು: ಕೆಟ್ಟಿದೆ ಎಂದು ಚರ್ಚಿಗೆ ಬೀಗ ಜಡಿದರೆ ಗತಿಯೇನು? ತೋಡೆರ್ ತಿದಿಯ ಬಿರುಕುಗಳಿಗೆ ಮೇಕೆಯ ತೊಗಲು ಅಂಟಿಸಿದರು, ಕೊಳವೆಗಳ ನಡುವಿನ ಇಲಿಗೂಡು ಗುಡಿಸಿದರು. ಟೀಚರ್, ದನಿ ಸತ್ತ ಎರಡು ಕೊಳವೆಗಳ ಗೊಡವೆಗೇ ಹೋಗದ ಹಾಡುಗಳನ್ನು ಹುಡುಕಿ ಆರಿಸಿದರು. ಚೀಲದ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಮಾತಾಯಿತು. ಆವತ್ತು ಆರ್ಗನ್ ಎಂದೂ ಹಾಡದಷ್ಟು ಚೆನ್ನಾಗಿ ಹಾಡಿತು. ಬಂದವರಲ್ಲೊಬ್ಬರು ಕಣ್ಣೊರೆಸಿಕೊಂಡು, "ಇಂಥದ್ದನ್ನ ಇಲ್ಲಿ ಇಲಿಗಳಿಗೆ ಬಿಡಬಾರ್ದು, ನಗರಕ್ಕೆ ತಗೊಂಡೋಗಿ ಕಾಪಾಡ್ತೀವಿ," ಎಂದರು. ಮುದುಕರಿಬ್ಬರು ಜೀವ ತೇಯ್ದು ಮಾಡಿದ್ದಕ್ಕೆ ಸಿಕ್ಕ ಫಲ ಇದು. ಕೇಳಿದರೆ ಹೊಟ್ಟೆ ಉರಿಯುತ್ತದೆ.

"ನೀನಾದ್ರೂ ಒಂದೆರಡು ಸಲ ಕಾಲು ಜಾರಿಸ್ಬಾರ್ದಿತ್ತಾ?" ಟೀಚರ್ ಇಂದೂ ಅದೇ ಮಾತು ತೆಗೆಯುತ್ತಾರೆ.

"ನೀವು ಗಂಟೆ ಹೊಡೆದ್ರಿ ಟೀಚರೇ. ನಾನೇನ್ಮಾಡ್ಲಿ?"

ಆರಾಧನೆ ಮುಗಿದಿದೆ. ಏಳು ಮಂದಿ ಎದ್ದು ಹೋಗಿದ್ದಾರೆ. ತೋಡೆರ್ ಚೀಲ ಇಳಿಸಿ, ತುಳಿದು ತುಳಿದು ಗುಂಡಿಬಿದ್ದ ತೊಲೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾರೆ. ನಗರದಲ್ಲಿ ಗಾಳಿಗೆ ಮೋಟಾರು ಇದೆಯಂತೆ. ಕೊಳವೆಗಳಷ್ಟೇ ಲಾರಿ ಹತ್ತುತ್ತವೆ. ತಿದಿ, ತೊಲೆ ಯಾರಿಗೂ ಬೇಡ. ಹಾಗಾದರೆ ಇನ್ನು ಭಾನುವಾರ ವಿಶ್ರಾಂತಿಯೇ ಎಂದರೆ ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

"ತುಳೀದೆ ಬಿಟ್ರೆ ತೊಗಲು ಒಣಗಿ ಸೀಳುತ್ತೆ. ಭಾನುವಾರ ಬಂದು ಮೂರನ್ನೂ ತುಳಿದು ಹೋಗ್ತೀನಿ. ಯಾವತ್ತಾದ್ರೂ ಯಾರಾದ್ರೂ ಆ ಕೊಳವೆ ವಾಪಸ್ ತಂದ್ರೆ, ಬಿರ್ಕ್‌ಡಾರ್ಫಲ್ಲಿ ಗಾಳಿ ಇಲ್ಲ ಅನ್ನಬಾರ್ದು."