ಹಾಡಿಗೆ ನಮ್ಮ ಮನೆಯಲ್ಲಿ ಹೇಳಿದ ಅರ್ಥ

ಹಾಡಿನ ಅರ್ಥ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಆಗ ತಮಿಳುನಾಡಿನ ನಮ್ಮ ಮಾರಂಡಹಳ್ಳಿಯಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಎರಡರಲ್ಲೂ ನನ್ನ ಬಾಯಿ ಜೋರು. ಸಿನಿಮಾದ ಅಳುವ ಹಾಡು ಯಾವುದೇ ಬರಲಿ, ಗೆಳತಿಯರು ನನ್ನ ಹತ್ತಿರ ಓಡಿ ಬರುತ್ತಿದ್ದರು. ಇದು ಪ್ರೀತಿ ಕೈಕೊಟ್ಟ ಅಳು, ಇದು ಬರೀ ಸೋಮಾರಿಯ ಅಳು ಎಂದು ತೀರ್ಪು ಕೊಟ್ಟು ಕಳಿಸುತ್ತಿದ್ದೆ.

ತೊಂಬತ್ತರ ದಶಕದ ನಡುವೆ, ಪ್ಲಸ್ ಟು ಮುಗಿಸಿದ ಬೇಸಿಗೆಯಲ್ಲಿ, ಒಂದು ತಮಿಳು ಹಾಡು ನನ್ನನ್ನು ಹಿಡಿದುಕೊಂಡಿತು. ದಾರಿ ಮುಂದೆಯೇ ಇದೆ, ನಡೆಯುವ ಕಾಲು ಮಾತ್ರ ಯಾರದೋ ಎಂದು ಹುಡುಗಿಯೊಬ್ಬಳು ತನ್ನನ್ನೇ ಕೇಳಿಕೊಳ್ಳುವ ಹಾಡು. ರಾಗಿ ಕೇರುವಾಗಲೂ ಅದೇ, ಟೊಮೇಟೊ ಆರಿಸುವಾಗಲೂ ಅದೇ. ಕೇಳಿದರೆ ಎದೆ ಭಾರವಾಗುತ್ತಿತ್ತು, ಆದರೂ ಕ್ಯಾಸೆಟ್ ತಿರುಗಿಸಿ ಮತ್ತೆ ಹಾಕುತ್ತಿದ್ದೆ.

ಈ ಹಾಡಿಗೆ ಅರ್ಥ ಹೇಳಲು ಮನೆಯಲ್ಲಿ ಯಾರಿಗೂ ನಾನು ಬೇಕಾಗಲಿಲ್ಲ. ಟೇಪ್‌ರೆಕಾರ್ಡರ್ ತಂದುಕೊಟ್ಟವನು ಅವ್ವನ ತಮ್ಮ, ಸೇಲಂನಲ್ಲಿ ಬೆಳ್ಳಿ ಕಾಲುಗೆಜ್ಜೆ ಮಾಡುತ್ತಿದ್ದ ನನ್ನ ಮಾವ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಹುಡುಗಿ ಮಾವನನ್ನು ನೆನೆದು ಸೊರಗುತ್ತಿದ್ದಾಳೆ ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮದುವೆ ಮಾತಿಗೆ ಬಾ ಎಂದು ತಮ್ಮನಿಗೆ ಹೇಳಿಯೂ ಕಳಿಸಿದಳು. ನನಗೆ ಬೇಕಾಗಿದ್ದದ್ದು ಧರ್ಮಪುರಿಯ ಕಾಲೇಜು. ಊರಿನ ಹಾಡಿಗೆಲ್ಲ ಅರ್ಥ ಹೇಳುವ ಬಾಯಿಗೆ ಅದೊಂದು ಮಾತು ಬರುತ್ತಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು.

ಮಾವ ಬಂದ. ಜಗಲಿಯ ಮೇಲೆ ಕೂತು ಹಾಡನ್ನು ಪೂರ್ತಿ ಕೇಳಿದ.

“ಇದ್ರಲ್ಲಿ ಮಾವ ಎಲ್ಲೂ ಬರಲ್ವಲ್ಲ?” ಎಂದ.

“ಬರಲ್ಲ ಮಾವ. ಅವ್ಳು ಓದಕ್ಕೆ ಓಗ್ಬೇಕು.”

ಹಾಡಿನಲ್ಲಿ ಓದಿನ ಸುದ್ದಿಯೇ ಇರಲಿಲ್ಲ. ಅದು ಅವನಿಗೂ ಗೊತ್ತಾಯಿತು. ಎದ್ದು ಒಳಗೆ ಹೋದ.

ಒಳಗೆ ಹೋದವನು, ತನಗೇ ಈ ಸಂಬಂಧ ಇಷ್ಟವಿಲ್ಲ, ಸೇಲಂ ಕಡೆಯೇ ಹುಡುಗಿ ನೋಡಿಕೊಳ್ಳುತ್ತೇನೆ ಎಂದು ಅವ್ವನಿಗೆ ಹೇಳಿಬಿಟ್ಟ. ನನ್ನ ಮೇಲೆ ಮಾತು ಬಾರದಿರಲೆಂದು ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದ. ಅವ್ವ ಕೆರಳಿದಳು. ನನ್ನ ಮಗಳಿಗೆ ಏನು ಕಮ್ಮಿ, ಇನ್ನು ಈ ಹೊಸಿಲು ತುಳಿಯಬೇಡ ಎಂದಳು. ಮಾವ ಎದುರಾಡದೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. ನನಗೆ ತಡೆಯಲಾಗಲಿಲ್ಲ.

“ಅವ್ವಾ, ಮಾವ ಸುಳ್ಳು ಯೋಳ್ತಾವ್ನೆ. ಬ್ಯಾಡ ಅಂದಿದ್ದು ನಾನು. ನಾನು ಕಾಲೇಜ್ಗೆ ಓಗ್ಬೇಕು.”

ಅವ್ವ ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಾ, ಮುದ್ದೆ ಆರಿಹೋಗುತ್ತದೆ ಎಂದು ಅವನಿಗೆ ಹೇಳಿದಳು. ಆಮೇಲೆ ಟೇಪ್‌ರೆಕಾರ್ಡರ್ ಆರಿಸಿ ನನ್ನ ಕಡೆ ತಿರುಗಿದಳು.

“ನಿಂಗೂ ಬಾಯಿ ಐತಲ್ಲ? ಇಷ್ಟ್ ದಿನ ಯಾವಳೋ ಕೈಲಿ ಯಾಕೆ ಅಳಿಸ್ತಿದ್ದೆ?”